ಹೊಸ ಕಾರ್ಡ್ ಕೊಳ್ಳುವ ಮುನ್ನ ಕನ್ನಡಿಯತ್ತ ಗಮನವಿರಲಿ

ಸಂಪಾದಕರಿಗೆ,

ಮಾನ್ಯರೇ,

ನಾನು ಕಲಬುರಗಿಯ ಪದವಿಪೂರ್ವ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಹೇಳುವವನು. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟಗಳ ಪರಿಚಯ ನನಗಾದದ್ದು ಮಗನಿಂದ. ಅವನು ಆಡುವುದು ಇಟಲಿಯ ಕುನೋಸ್ ಸಂಸ್ಥೆ 2019ರಲ್ಲಿ ಪೂರ್ಣರೂಪದಲ್ಲಿ ಬಿಡುಗಡೆ ಮಾಡಿದ ‘ಅಸೆಟ್ಟೊ ಕೋರ್ಸಾ ಕಾಂಪಿಟಿಟ್ಸಿಯೋನೆ’. ಬೆಲ್ಜಿಯಂನ ಸ್ಪಾ, ಇಟಲಿಯ ಮೊನ್ಜಾ ಮುಂತಾದ ನಿಜವಾದ ಟ್ರ್ಯಾಕ್‌ಗಳನ್ನು ಮಳೆ, ಕತ್ತಲೆಗಳ ಸಮೇತ ಪರದೆಯ ಮೇಲೆ ತರುವ ಈ ಆಟ ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ಕಂಪ್ಯೂಟರಿನಲ್ಲಿ ತಡವರಿಸತೊಡಗಿತು. ಅಂಗಡಿಯವರು ಪೆಟ್ಟಿಗೆಯನ್ನು ತೆರೆದೂ ನೋಡದೆ, ‘ಕಾರ್ಡ್ ಹಳೇದಾಯ್ತು ಸರ್, ಹೊಸದು ಹಾಕಿಸಿಬಿಡಿ’ ಎಂದರು. ಪರದೆಯ ಚಿತ್ರಗಳನ್ನು ಬರೆಯುವ ಗ್ರಾಫಿಕ್ಸ್ ಕಾರ್ಡಿನ ಬಗ್ಗೆ ಅವರ ಮಾತು. ಅವರು ಹೇಳಿದ ಬೆಲೆ ನನ್ನ ಅರ್ಧ ತಿಂಗಳ ಸಂಬಳದ ಹತ್ತಿರವಿತ್ತು. ಹಣ ಕೊಡುವ ಮುಂಚೆ ಎರಡು ಭಾನುವಾರ ಮಗನ ಪಕ್ಕದಲ್ಲಿ ಕುಳಿತು ಆಟದ ಸೆಟ್ಟಿಂಗ್ಸ್‌ಗಳನ್ನು ಒಂದೊಂದಾಗಿ ಬದಲಿಸಿ ನೋಡಿದೆವು. ಕಾರ್ಡ್ ಕೊಳ್ಳುವ ಪ್ರಸಂಗವೇ ಬರಲಿಲ್ಲ. ಇದೇ ಇಕ್ಕಟ್ಟಿನಲ್ಲಿರುವ ಇತರ ಪೋಷಕರಿಗೆ ಉಪಯೋಗವಾದೀತೆಂದು ಈ ಪತ್ರ ಬರೆಯುತ್ತಿದ್ದೇನೆ.

ಪರದೆಯ ಮೇಲಿನ ಚಲನೆ ಸಿನಿಮಾದಂತೆಯೇ ಬಿಡಿಬಿಡಿ ಚಿತ್ರಗಳ ಸರಣಿ. ಸೆಕೆಂಡಿಗೆ 60 ಚಿತ್ರ, ಅಂದರೆ 60 ಫ್ರೇಮ್ ಬೇಕೆಂದರೆ ಪ್ರತಿ ಫ್ರೇಮನ್ನೂ ಯಂತ್ರ ಸುಮಾರು 16.7 ಮಿಲಿಸೆಕೆಂಡಿನೊಳಗೆ ಬರೆದು ಮುಗಿಸಬೇಕು. ಗಂಟೆಗೆ 180 ಕಿ.ಮೀ. ವೇಗದ ಕಾರು ಸೆಕೆಂಡಿಗೆ 50 ಮೀಟರ್ ಸಾಗುತ್ತದೆ. 60 ಫ್ರೇಮ್ ಇದ್ದಾಗ ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಕಾರು 83 ಸೆಂ.ಮೀ. ಜರುಗಿದರೆ, 30 ಫ್ರೇಮ್ ಆದಾಗ ಅದೇ ಜರುಗು 1.67 ಮೀಟರ್ ಆಗುತ್ತದೆ. ಚದುರಂಗದಂಥ ಆಟದಲ್ಲಿ ಈ ವ್ಯತ್ಯಾಸ ಯಾರ ಗಮನಕ್ಕೂ ಬಾರದು. ಆದರೆ ಬ್ರೇಕ್ ಒತ್ತುವ ಜಾಗವನ್ನು ಕಣ್ಣಳತೆಯಿಂದಲೇ ಹಿಡಿಯಬೇಕಾದ ಆಟದಲ್ಲಿ ಕೈ ತಪ್ಪುವುದಕ್ಕೆ ಅಷ್ಟು ಸಾಕು.

ಸರಾಸರಿ ಫ್ರೇಮ್ ಸಂಖ್ಯೆಯೊಂದನ್ನೇ ನಂಬಿ ಕೂರುವುದೂ ತಪ್ಪು. ಒಂದು ಸೆಕೆಂಡಿನಲ್ಲಿ 58 ಫ್ರೇಮ್‌ಗಳು ತಲಾ 14 ಮಿಲಿಸೆಕೆಂಡಿನಲ್ಲಿ ಮುಗಿದು, ಉಳಿದ ಎರಡು ತಲಾ 94 ಮಿಲಿಸೆಕೆಂಡ್ ತೆಗೆದುಕೊಂಡವು ಎಂದಿಟ್ಟುಕೊಳ್ಳಿ. ಲೆಕ್ಕ ಸರಿಯಾಗಿ 60 ಎಂದೇ ತೋರಿಸುತ್ತದೆ. ಆದರೆ ಆ ಎರಡು ಫ್ರೇಮ್‌ಗಳ ಹೊತ್ತಿನಲ್ಲಿ ಕಾರು ಪ್ರತಿ ಸಲವೂ 4.7 ಮೀಟರ್, ಅಂದರೆ ಸರಿಸುಮಾರು ತನ್ನದೇ ಉದ್ದದಷ್ಟು, ಆಟಗಾರನ ಕಣ್ಣಿಗೆ ಬೀಳದೆ ಮುಂದೆ ಹೋಗಿರುತ್ತದೆ. ‘ಅರವತ್ತು ಬರ್ತಿದೆ, ಆದ್ರೂ ಜರ್ಕ್ ಹೊಡೀತಿದೆ ಅಪ್ಪಾ’ ಎಂದು ಮಗ ಹೇಳುತ್ತಿದ್ದುದನ್ನು ನಾನು ಮೊದಲು ನೆಪವೆಂದೇ ತಿಳಿದಿದ್ದೆ. ಅವನ ದೂರು ಸರಿಯಾಗಿತ್ತು.

ನಾವು ಮಾಡಿದ ಮೊದಲ ತಪ್ಪೆಂದರೆ ಟ್ರ್ಯಾಕ್ ಮೇಲೆ ನಮ್ಮದೊಂದೇ ಕಾರನ್ನು ಬಿಟ್ಟು ಪರೀಕ್ಷಿಸಿದ್ದು. ಬಿಸಿಲಿನಲ್ಲಿ ಒಂಟಿಯಾಗಿ ಓಡುವಾಗ ಎಂಥ ಕಂಪ್ಯೂಟರೂ ಚುರುಕಾಗಿಯೇ ಕಾಣುತ್ತದೆ. ಯಂತ್ರಕ್ಕೆ ನಿಜವಾದ ಬೆವರಿಳಿಯುವುದು ಸ್ಪಾದಲ್ಲಿ ರೇಸ್ ಶುರುವಾದ ಕೂಡಲೇ, ಎಲ್ಲ ಕಾರುಗಳೂ ಒಟ್ಟಾಗಿ ಲಾ ಸೂರ್ಸ್ ತಿರುವಿಗೆ ನುಗ್ಗುವಾಗ, ಅದೂ ಮಳೆ ಸುರಿಯುತ್ತ ದೀಪಗಳು ಉರಿಯುತ್ತಿದ್ದರೆ. ಹಾಗಾಗಿ ಸಾಲಿನ ಕೊನೆಯ ಕಾರಿನಲ್ಲಿ ಕುಳಿತು, ರಾತ್ರಿ ಮತ್ತು ಮಳೆಯನ್ನು ಆರಿಸಿಕೊಂಡು, ಪ್ರತಿ ಸಲವೂ ಅದೇ ಆರಂಭವನ್ನು ಪುನರಾವರ್ತಿಸಿದೆವು. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸುವುದೆಂಬ ನಿಯಮವನ್ನು, ಮಗನ ಅಸಹನೆಯ ನಡುವೆಯೂ, ನಾನು ಸಡಿಲಿಸಲಿಲ್ಲ.

ಎಡವುತ್ತಿರುವುದು ಗ್ರಾಫಿಕ್ಸ್ ಕಾರ್ಡೋ, ಆಟದ ಉಳಿದ ಲೆಕ್ಕಗಳನ್ನು ಮಾಡುವ ಪ್ರೊಸೆಸರೋ ಎಂಬುದನ್ನು ತಿಳಿಯಲು ಒಂದು ಸುಲಭ ಉಪಾಯವಿದೆ. ರೆಸಲ್ಯೂಷನ್ನನ್ನು 1920×1080ರಿಂದ 1280×720ಕ್ಕೆ ಇಳಿಸಿದರೆ ಬರೆಯಬೇಕಾದ ಚುಕ್ಕೆಗಳ ಸಂಖ್ಯೆ ಸುಮಾರು 20.7 ಲಕ್ಷದಿಂದ 9.2 ಲಕ್ಷಕ್ಕೆ, ಅಂದರೆ ಅರ್ಧಕ್ಕಿಂತ ಕೆಳಗೆ ಬೀಳುತ್ತದೆ. ಹೀಗೆ ಮಾಡಿದಾಗ ಆಟ ಚುರುಕಾದರೆ ಹೊರೆ ಇದ್ದದ್ದು ಕಾರ್ಡಿನ ಮೇಲೆ; ಏನೂ ಬದಲಾಗದಿದ್ದರೆ ಎಷ್ಟು ದುಬಾರಿ ಕಾರ್ಡ್ ತಂದು ಹಾಕಿದರೂ ಪ್ರಯೋಜನವಿಲ್ಲ, ಏಕೆಂದರೆ ಪ್ರೊಸೆಸರೇ ಹಿಂದೆ ಬಿದ್ದಿರುತ್ತದೆ. ನಮ್ಮ ಮನೆಯಲ್ಲಿ ರೇಸ್ ಆರಂಭದ ಎಡವಟ್ಟು ಬಹುಪಾಲು ಎರಡನೆಯ ಬಗೆಯದಾಗಿತ್ತು. ಐದು ನಿಮಿಷದ ಈ ಪರೀಕ್ಷೆಯನ್ನು ಅಂಗಡಿಯವರೇ ಮಾಡಿ ತೋರಿಸಬಹುದಿತ್ತು.

ನಮ್ಮ ಕಂಪ್ಯೂಟರಿಗೆ ಅತಿ ಹೆಚ್ಚು ಹೊರೆಯಾಗಿದ್ದದ್ದು ಕಾರಿನ ಹಿಂಬದಿ ಕನ್ನಡಿ ಎಂದರೆ ಓದುಗರು ನಕ್ಕಾರು. ಆದರೆ ಕನ್ನಡಿಯಲ್ಲಿ ಕಾಣುವುದು ಮುಂದಿನ ದೃಶ್ಯದ ತುಂಡಲ್ಲ. ಹಿಂದಿನ ರಸ್ತೆ, ಮರ, ಬೆನ್ನಟ್ಟುವ ಕಾರುಗಳನ್ನೆಲ್ಲ ಯಂತ್ರ ಇನ್ನೊಂದು ಕೋನದಿಂದ ಮತ್ತೊಮ್ಮೆ ಬರೆಯಬೇಕು. ಅಂಗೈಯಗಲದ ಕನ್ನಡಿಗಾಗಿ ಅರ್ಧ ಜಗತ್ತನ್ನೇ ಎರಡನೆಯ ಸಲ ಬರೆದಂತೆ. ಕನ್ನಡಿಯ ಗುಣಮಟ್ಟವನ್ನೂ ಅದರಲ್ಲಿ ಕಾಣುವ ದೂರವನ್ನೂ ತಗ್ಗಿಸಿದಾಗ ಹಿಂದಿನ ಕಾರು ತುಸು ಮಸುಕಾಯಿತೇ ಹೊರತು, ಅದು ಬಲಗಡೆಯಿಂದ ಬರುತ್ತಿದೆಯೋ ಎಡಗಡೆಯಿಂದಲೋ ಎಂಬುದು ಸ್ಪಷ್ಟವಾಗಿಯೇ ಕಾಣುತ್ತಿತ್ತು. ರೇಸಿನಲ್ಲಿ ಕನ್ನಡಿಯಿಂದ ಬೇಕಾದದ್ದೂ ಅಷ್ಟೇ. ಪರದೆಯ ಮೇಲೆ ಏಕಕಾಲಕ್ಕೆ ತೋರಿಸಬೇಕಾದ ಎದುರಾಳಿ ಕಾರುಗಳ ಸಂಖ್ಯೆಯನ್ನು ಮಿತಿಗೊಳಿಸುವ ಆಯ್ಕೆಯೂ ಈ ಆಟದಲ್ಲಿದೆ. ಹೀಗೆ ಮಾಡಿದರೆ ದೂರದ ಕಾರುಗಳು ಕಣ್ಣಿಗೆ ಕಾಣದೆ ಹೋಗುತ್ತವೆಯೇ ಹೊರತು ಸ್ಪರ್ಧೆಯಿಂದ ಹೊರಬೀಳುವುದಿಲ್ಲ.

ನೆರಳಿನ ವಿಷಯವೂ ಇಂಥದ್ದೇ. ಪ್ರತಿ ವಸ್ತುವನ್ನೂ ಬೆಳಕಿನ ಮೂಲದ ಕಡೆಯಿಂದ ಮತ್ತೊಮ್ಮೆ ನೋಡಿ ಲೆಕ್ಕ ಹಾಕದೆ ನೆರಳು ಮೂಡುವುದಿಲ್ಲವಾದ್ದರಿಂದ ಅದು ಪ್ರೊಸೆಸರ್, ಕಾರ್ಡ್ ಎರಡರ ಸಮಯವನ್ನೂ ತಿನ್ನುತ್ತದೆ. ಗ್ಯಾಲರಿಯಲ್ಲಿ ಕುಳಿತ ಪ್ರೇಕ್ಷಕನ ನೆರಳಿನ ಅಂಚು ನುಣುಪಾಗಿದೆಯೇ ಎಂದು ಗಂಟೆಗೆ 200 ಕಿ.ಮೀ. ವೇಗದಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಹುಲ್ಲು, ಗಿಡಮರಗಳ ದಟ್ಟಣೆಗೂ ಇದೇ ಮಾತು. ಅದಕ್ಕೆ ಪ್ರತಿಯಾಗಿ, ಎಷ್ಟು ದೂರದವರೆಗೆ ದೃಶ್ಯ ಕಾಣಬೇಕು ಎಂಬ ಆಯ್ಕೆಯನ್ನು ತೀರಾ ಕೆಳಗಿಳಿಸಬಾರದೆಂಬುದು ನನ್ನ ಅಭಿಪ್ರಾಯ; ಬ್ರೇಕಿಗೆ ಗುರುತಾಗಿ ಇಟ್ಟುಕೊಂಡ ಫಲಕ ತಡವಾಗಿ ಮೂಡಿದರೆ ಗಳಿಸಿದ ಚುರುಕುತನ ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆ.

ವಸ್ತುಗಳ ಮೇಲ್ಮೈಗೆ ಹೊದಿಸುವ ಚಿತ್ರಗಳ ಗುಣಮಟ್ಟವನ್ನು ನಿರ್ಧರಿಸುವ ಟೆಕ್ಸ್ಚರ್ ಎಂಬ ಆಯ್ಕೆಯನ್ನು ಅನೇಕರು ಮೊದಲ ಏಟಿಗೇ ಕೆಳಗಿಳಿಸುತ್ತಾರೆ. ಅದು ಬಹುಮಟ್ಟಿಗೆ ಕಾರ್ಡಿನ ಸ್ವಂತ ಮೆಮೊರಿಗೆ ಸಂಬಂಧಿಸಿದ್ದು. ನಮ್ಮಲ್ಲಿರುವ ಜಿಟಿಎಕ್ಸ್ 1650 ಕಾರ್ಡಿನ 4 ಜಿ.ಬಿ.ಯಲ್ಲಿ ಹಿಡಿಸುವವರೆಗೆ ವೇಗಕ್ಕೆ ಹೆಚ್ಚಿನ ಧಕ್ಕೆಯಿಲ್ಲ. ಹಿಡಿಸದೆ ಹೋದರೆ ಮಾತ್ರ ಮುಖ್ಯ ಮೆಮೊರಿಯಿಂದ ಹೊತ್ತು ತರಬೇಕಾಗಿ ಆಟ ಏಕಾಏಕಿ ಮುಗ್ಗರಿಸುತ್ತದೆ. ಒಂದು ಹಂತ ಇಳಿಸಿದ್ದೇ ನಮಗೆ ಸಾಕಾಯಿತು. ಇನ್ನು ಕಾರ್ಡಿನ ಮೇಲೆ ಉಳಿದಿದ್ದ ಹೊರೆಯನ್ನು ಕಡಿಮೆ ಮಾಡಲು, ಚಿತ್ರವನ್ನು ಸಣ್ಣದಾಗಿ ಬರೆದು ದೊಡ್ಡದಾಗಿ ಹಿಗ್ಗಿಸುವ ಎಫ್‌ಎಸ್‌ಆರ್ ಎಂಬ ವ್ಯವಸ್ಥೆಯನ್ನು ಬಳಸಿದೆವು. ಅಂಥದೇ ಕೆಲಸ ಮಾಡುವ ಡಿಎಲ್‌ಎಸ್‌ಎಸ್‌ಗೆ ಆರ್‌ಟಿಎಕ್ಸ್ ಸರಣಿಯ ಕಾರ್ಡೇ ಬೇಕು, ಎಫ್‌ಎಸ್‌ಆರ್ ಹಳೆಯ ಕಾರ್ಡುಗಳಲ್ಲೂ ಓಡುತ್ತದೆ. ಉದ್ದ ಅಗಲಗಳೆರಡನ್ನೂ ಶೇ 80ಕ್ಕೆ ಇಳಿಸಿದರೆ ಬರೆಯಬೇಕಾದ ಚುಕ್ಕೆಗಳು ಶೇ 64 ಮಾತ್ರ ಉಳಿಯುತ್ತವೆ ಎಂಬ ಲೆಕ್ಕ ನನ್ನ ವಿದ್ಯಾರ್ಥಿಗಳಿಗೂ ಬರುತ್ತದೆ.

ಮಾನಿಟರ್ ಚಿತ್ರ ಬದಲಿಸುವ ಗತಿಗೆ ಫ್ರೇಮ್‌ಗಳನ್ನು ಹೊಂದಿಸುವ ವಿ-ಸಿಂಕ್ ಎಂಬ ಆಯ್ಕೆಯ ಬಗ್ಗೆ ಒಂದು ಎಚ್ಚರಿಕೆ. 60 ಹರ್ಟ್ಸ್‌ನ (ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ) ಸಾಮಾನ್ಯ ಮಾನಿಟರಿನಲ್ಲಿ ಅದನ್ನು ಹಾಕಿದಾಗ, 16.7ರ ಬದಲು 17 ಮಿಲಿಸೆಕೆಂಡ್ ತೆಗೆದುಕೊಂಡ ಫ್ರೇಮ್ ಬಸ್ ತಪ್ಪಿಸಿಕೊಂಡವನಂತೆ ಮುಂದಿನ ಸರದಿಗೆ ಕಾಯಬೇಕಾಗುತ್ತದೆ, ಅಂದರೆ ಪರದೆಗೆ ಬರುವುದು 33.3ನೆಯ ಮಿಲಿಸೆಕೆಂಡಿನಲ್ಲಿ. ತೆಗೆದುಹಾಕಿದರೆ ಚಿತ್ರ ಅಡ್ಡಡ್ಡ ಸೀಳಿದಂತೆ ಕಾಣಬಹುದು. ಮೊದಲು ಉಳಿದ ಸೆಟ್ಟಿಂಗ್ಸ್‌ಗಳನ್ನು ಇಳಿಸಿ ಸಮಯ ಉಳಿಸಿಕೊಂಡು, ಆಮೇಲೆ ಇದನ್ನು ಹಾಕಿ ನೋಡುವುದು ಒಳ್ಳೆಯದು.

ಸೆಟ್ಟಿಂಗ್ಸ್‌ಗೆ ಸಂಬಂಧವೇ ಇಲ್ಲದ ಕಾರಣಗಳೂ ಇರುತ್ತವೆ. ಮಾನಿಟರಿನ ಕೇಬಲ್ಲನ್ನು ಗ್ರಾಫಿಕ್ಸ್ ಕಾರ್ಡಿನ ಬದಲು ಮದರ್‌ಬೋರ್ಡಿಗೆ ಸಿಕ್ಕಿಸಿದ್ದ ಮನೆಯೊಂದನ್ನು ನಾನೇ ನೋಡಿದ್ದೇನೆ. ಅಲ್ಲಿ ಕಾರ್ಡ್ ಇದ್ದೂ ಇಲ್ಲದಂತಾಗಿತ್ತು. ನಮ್ಮೂರಿನಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಧೂಳು ಕಟ್ಟಿದ ಫ್ಯಾನ್ ಶಾಖವನ್ನು ಹೊರಹಾಕದಿದ್ದರೆ ಕಾರ್ಡೂ ಪ್ರೊಸೆಸರೂ ತಮ್ಮನ್ನು ಕಾಪಾಡಿಕೊಳ್ಳಲು ತಾವಾಗಿಯೇ ವೇಗ ತಗ್ಗಿಸಿಕೊಳ್ಳುತ್ತವೆ. ಚಳಿಗಾಲದಲ್ಲಿ ಸರಿಯಾಗಿದ್ದ ಆಟ ಬೇಸಿಗೆಯಲ್ಲೇ ಕೆಟ್ಟದ್ದೇಕೆ ಎಂಬ ನಮ್ಮ ಪ್ರಶ್ನೆಗೆ ಅರ್ಧ ಉತ್ತರ ಆ ಧೂಳಿನಲ್ಲಿತ್ತು. ಒಂದೇ ರ‍್ಯಾಮ್ (ಮುಖ್ಯ ಮೆಮೊರಿಯ ಪಟ್ಟಿ) ಇದ್ದ ಜಾಗದಲ್ಲಿ ಅಂಥದೇ ಇನ್ನೊಂದನ್ನು ಜೋಡಿಸಿದ್ದು ನಾವು ಮಾಡಿದ ಏಕೈಕ ಖರ್ಚು. ಎರಡು ರ‍್ಯಾಮ್‌ಗಳು ಜೋಡಿಯಾಗಿ ಕೆಲಸ ಮಾಡುವಾಗ ಪ್ರೊಸೆಸರಿಗೆ ಮಾಹಿತಿ ಒದಗುವ ದಾರಿ ಇಮ್ಮಡಿಯಾಗುತ್ತದೆ.

ಎಲ್ಲವನ್ನೂ ಕೆಳಗಿಳಿಸಿದ ಮೇಲೂ 30 ಫ್ರೇಮ್ ದಾಟದ ಯಂತ್ರಗಳಿವೆ. ಅಂಥವರಿಗೆ ಹೊಸ ಕಾರ್ಡ್ ಬೇಡವೆಂದು ನಾನು ಹೇಳುವುದಿಲ್ಲ. ವ್ಯಾಪಾರಿಗಳ ಹೊಟ್ಟೆಪಾಡನ್ನೂ ಅಲ್ಲಗಳೆಯುವುದಿಲ್ಲ. ಆದರೆ ಮಾರುವ ಮುನ್ನ ಗಿರಾಕಿಯ ಕಂಪ್ಯೂಟರಿನಲ್ಲಿ ಹೊರೆ ಯಾವುದರ ಮೇಲಿದೆ ಎಂಬುದನ್ನು ತೋರಿಸಿಕೊಡುವುದು ಅವರ ಕರ್ತವ್ಯವೆಂದು ಭಾವಿಸುತ್ತೇನೆ.

ಕನ್ನಡ ಪತ್ರಿಕೆಗಳಲ್ಲಿಯೂ ಕಂಪ್ಯೂಟರ್, ಲ್ಯಾಪ್‌ಟಾಪ್‌ಗಳ ಪರಿಚಯ ಲೇಖನಗಳು ಬರುತ್ತಿರುತ್ತವೆ. ಅವುಗಳಲ್ಲಿ ‘ಇಂಥ ಆಟಕ್ಕೆ 60 ಫ್ರೇಮ್’ ಎಂದಷ್ಟೇ ಬರೆಯುವ ಬದಲು, ಎಷ್ಟು ಕಾರುಗಳ ನಡುವೆ, ಯಾವ ರೆಸಲ್ಯೂಷನ್ನಿನಲ್ಲಿ, ಕನ್ನಡಿ ಮತ್ತು ನೆರಳುಗಳನ್ನು ಯಾವ ಹಂತದಲ್ಲಿಟ್ಟು ಅಳೆಯಲಾಯಿತು, ಅತಿ ನಿಧಾನದ ಫ್ರೇಮ್ ಎಷ್ಟು ಮಿಲಿಸೆಕೆಂಡ್ ತೆಗೆದುಕೊಂಡಿತು ಎಂಬ ಎರಡು ಸಾಲನ್ನು ಸೇರಿಸುವಂತೆ ತಮ್ಮ ಅಂಕಣಕಾರರಿಗೆ ಸೂಚಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ತಮ್ಮ ಓದುಗ, ಭೌತಶಾಸ್ತ್ರ ಉಪನ್ಯಾಸಕ
ಕಲಬುರಗಿ