ಬೆಟ್ಟದಿಂದ ಬಂದವರು ಮೊದಲು ಬಚ್ಚಲಿಗೆ

ಫ್ರೈಬುರ್ಗ್, ಜರ್ಮನಿ
ನವೆಂಬರ್ 24

ಪ್ರೀತಿಯ ಅತ್ತಿಗೆಗೆ ನಮಸ್ಕಾರ.

ಅಡಿಕೆ ಕೊನೆ ಕೊಯ್ಲು ಶುರುವಾಯಿತೆಂದು ಅಣ್ಣ ಫೋನಿನಲ್ಲಿ ಹೇಳಿದ. ಸುಲಿಯುವವರು, ಬೇಯಿಸುವವರು, ಬಂದುಹೋಗುವವರ ಕಾಫಿ ತಿಂಡಿ ಎಲ್ಲ ನಿಮ್ಮ ತಲೆಯ ಮೇಲಿರುವಾಗ ಇಷ್ಟುದ್ದದ ಕಾಗದ ಬರೆಯಬಾರದು. ಆದರೆ ಮನೆಯವರು ಕಾಯಿಲೆ ಬೀಳದ ಹಾಗೆ ಏನೇನು ಮಾಡಬೇಕು, ಬರೆದು ಕಳಿಸು ಎಂದು ಕೇಳಿದ್ದು ನೀವೇ. ಕಾಗದವಾದರೆ ಅಡುಗೆಮನೆಯ ಕ್ಯಾಲೆಂಡರಿಗೆ ಸಿಕ್ಕಿಸಿಡಬಹುದು. ಕಷಾಯ, ಅರಿಶಿನದ ಹಾಲು, ಇಮ್ಯುನಿಟಿ ಪುಡಿ ಇವೆಲ್ಲ ಇದರಲ್ಲಿಲ್ಲ. ಕಷಾಯ ಕುಡಿಯಿರಿ, ರುಚಿಯಾಗಿರುತ್ತದೆ. ಆದರೆ ನಮ್ಮ ಕಡೆಯ ಕಾಯಿಲೆಗಳಲ್ಲಿ ಬಹಳಷ್ಟು ಬರುವುದು ಗೊತ್ತಿರುವ ದಾರಿಯಲ್ಲಿ, ಗೊತ್ತಿರುವ ತಿಂಗಳಲ್ಲಿ. ಆ ದಾರಿಗೇ ಅಡ್ಡ ನಿಲ್ಲುವುದು ಲೇಸು.

ಮೊದಲು ಉಣುಗಿನ (ಉಣ್ಣೆಹುಳುವಿನ) ವಿಷಯ, ಯಾಕೆಂದರೆ ಅದರ ಕಾಲ ಈಗಲೇ ಶುರು. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ನಮ್ಮದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2018ರ ಕೊನೆಗೆ ಶುರುವಾಗಿ 2019ರವರೆಗೂ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಅದು ಏನು ಮಾಡಿತೆಂದು ನಿಮಗೆ ನಾನು ಹೇಳಬೇಕಿಲ್ಲ. ಇದು ಮನುಷ್ಯನಿಂದ ಮನುಷ್ಯನಿಗೆ ಅಂಟುವುದಿಲ್ಲ. ಹೊತ್ತು ತರುವುದು ಉಣುಗು, ಅದರಲ್ಲೂ ಅದರ ಮರಿ. ಮಳೆ ಮುಗಿದ ಮೇಲೆ ಮೊಟ್ಟೆಯೊಡೆದು ಬಂದವು ಇಲಿ, ಅಳಿಲಿನಂಥ ಸಣ್ಣ ಪ್ರಾಣಿಗಳ ರಕ್ತ ಕುಡಿದು ಡಿಸೆಂಬರ್ ಹೊತ್ತಿಗೆ ಎರಡನೇ ಹಂತದ ಮರಿಗಳಾಗುತ್ತವೆ. ಅಲ್ಲಿಂದ ಮೇ ತಿಂಗಳವರೆಗೂ ಅವು ಕಾಡಿನ ನೆಲದ ತರಗೆಲೆಯಲ್ಲಿ ಕಾದು ಕೂತಿರುತ್ತವೆ. ಸೊಪ್ಪಿನ ಬೆಟ್ಟಕ್ಕೆ, ಅಂದರೆ ಸೊಪ್ಪು ತರುವ ಕಾಡಿಗೆ, ದರಕು (ಒಣಗಿ ಬಿದ್ದ ಎಲೆ) ಗುಡಿಸಲು ನಾವು ಹೋಗುವುದೂ ಅದೇ ತಿಂಗಳುಗಳಲ್ಲಿ.

ದನದ ಮೈಮೇಲೆ ಕಾಣುವ ದೊಡ್ಡ ಉಣುಗನ್ನು ನೋಡಿ ಅಭ್ಯಾಸವಾದ ಕಣ್ಣಿಗೆ ಈ ಮರಿ ಕಾಣುವುದೇ ಇಲ್ಲ. ಎಳ್ಳಿಗಿಂತ ಚಿಕ್ಕದು, ಕಚ್ಚಿದರೆ ನೋವೂ ಇಲ್ಲ. ಆದ್ದರಿಂದ 'ಕಚ್ಚಿದ್ದು ಗೊತ್ತಾಗಲಿಲ್ಲ, ಹಾಗಾಗಿ ಕಚ್ಚಿಲ್ಲ' ಎನ್ನುವ ಲೆಕ್ಕ ಬೇಡ. ಹುಡುಕಬೇಕು.

ಬೆಟ್ಟಕ್ಕೆ ಹೊರಡುವಾಗ ತುಂಬುತೋಳಿನ ಅಂಗಿ, ಪ್ಯಾಂಟು, ಪ್ಯಾಂಟಿನ ತುದಿ ಕಾಲುಚೀಲದ ಒಳಗೆ. ಲುಂಗಿಯನ್ನು ಮೊಣಕಾಲಿನವರೆಗೆ ಎತ್ತಿಕಟ್ಟಿ ಹೋಗುವ ರೂಢಿ ಈ ಆರು ತಿಂಗಳಾದರೂ ನಿಲ್ಲಲಿ. ಅಣ್ಣ ನಗುತ್ತಾನೆ, ನಗಲಿ. ಬಿಳಿ ಅಥವಾ ತಿಳಿ ಬಣ್ಣದ ಬಟ್ಟೆಯಾದರೆ ಹತ್ತಿದ್ದು ಕಣ್ಣಿಗೆ ಬೀಳುತ್ತದೆ. ಆಶಾ ಕಾರ್ಯಕರ್ತೆಯರು ಹಂಚುವ, ಉಣುಗು ಹತ್ತದಂತೆ ತಡೆಯುವ ಡೇಪಾ ತೈಲವನ್ನು ಕೈ, ಕಾಲು, ಕುತ್ತಿಗೆಗೆ ಹಚ್ಚಿಕೊಳ್ಳಿ. ಅದು ಕಾಲು ಗಂಟೆಯ ಕೆಲಸಕ್ಕೂ ಬೇಕು. ಇಡೀ ದಿನದ ಕೆಲಸವಾದರೆ ಬೆವರಿಗೆ ಹೋಗಿಬಿಡುತ್ತದೆ, ಮಧ್ಯೆ ಮತ್ತೆ ಹಚ್ಚಬೇಕು. ಕಣ್ಣು, ಬಾಯಿ, ಗಾಯಕ್ಕೆ ತಾಗಿಸಬಾರದು. ನೆಲದ ಮೇಲೆ ಕೂತು ಬುತ್ತಿ ಬಿಚ್ಚುವ ಬದಲು ಬಂಡೆಯ ಮೇಲೆ ಕೂರಿ.

ಬಂದ ಮೇಲಿನ ಕೆಲಸ ಇನ್ನೂ ಮುಖ್ಯ. ಬೆಟ್ಟದಿಂದ ಬಂದವರು ಜಗಲಿಯಲ್ಲಿ ಕೂತು ನೀರು ಬೆಲ್ಲ ಕೇಳುವುದಲ್ಲ, ನೇರ ಬಚ್ಚಲಿಗೆ ಹೋಗಬೇಕು. ಬಟ್ಟೆ ಅಲ್ಲೇ ಕಳಚಿ ಒಂದು ಬಕೆಟ್ಟಿಗೆ ಹಾಕಿ, ಹಂಡೆಯ ಕುದಿ ನೀರು ಮೇಲೆ ಸುರಿಯಿರಿ. ಉಣುಗು ತಣ್ಣೀರಿನಲ್ಲಿ ಸಾಯುವುದಿಲ್ಲ, ಬಿಸಿಗೆ ಸಾಯುತ್ತದೆ. ನಮ್ಮ ಕಡೆ ಬಚ್ಚಲೊಲೆ ಆರುವುದೇ ಇಲ್ಲವಾದ್ದರಿಂದ ಇದೊಂದು ಹೊಸ ಖರ್ಚಿನ ಕೆಲಸವಲ್ಲ. ನಾಳೆಗೂ ಆಗುತ್ತದೆಂದು ಬೆಟ್ಟದ ಅಂಗಿಯನ್ನು ಕೊಟ್ಟಿಗೆಯ ಗೂಟಕ್ಕೆ ನೇತುಹಾಕುವುದನ್ನು ಮಾತ್ರ ಬಿಡಿಸಿ. ಆಮೇಲೆ ಸೋಪು ಹಚ್ಚಿ ಉಜ್ಜಿ ಸ್ನಾನ. ಸ್ನಾನ ಮಾಡುತ್ತ ಬೆರಳಿನಿಂದ ತಡವಿ ನೋಡಬೇಕಾದ ಜಾಗಗಳು: ಕಿವಿಯ ಹಿಂದೆ, ಕೂದಲಿನ ಅಂಚು, ಕಂಕುಳು, ಹೊಕ್ಕುಳು, ತೊಡೆಯ ಸಂದು, ಮೊಣಕಾಲಿನ ಹಿಂದೆ. ಗಂಡಸರಿಗೆ ಉಡಿದಾರದ ಅಡಿ, ಹೆಂಗಸರಿಗೆ ಲಂಗದ ಲಾಡಿ ಬಿಗಿಯುವ ಗೆರೆ. ಬಟ್ಟೆ ಬಿಗಿಯಾಗಿ ತಡೆಯುವಲ್ಲೇ ಅವು ನಿಂತು ಕಚ್ಚುತ್ತವೆ. ಮಕ್ಕಳದ್ದಾದರೆ ತಲೆಕೂದಲನ್ನು ಬೈತಲೆ ಬೈತಲೆಯಾಗಿ ಬಿಡಿಸಿ ನೋಡಿ.

ಕಚ್ಚಿಕೊಂಡದ್ದು ಸಿಕ್ಕಿದರೆ ಸೀಮೆಎಣ್ಣೆ, ಸುಣ್ಣ, ಬೆಂಕಿಕಡ್ಡಿ ಯಾವುದೂ ಬೇಡ. ಹಿಂಸೆಯಾದ ಉಣುಗು ಹೊಟ್ಟೆಯಲ್ಲಿರುವುದನ್ನು ಗಾಯದೊಳಕ್ಕೇ ಕಕ್ಕಬಹುದು. ಚೂಪು ತುದಿಯ ಚಿಮಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ, ಅದರ ಬಾಯಿಯ ಬಳಿ ಹಿಡಿದು, ತಿರುಚದೆ, ಜಗ್ಗದೆ, ನಿಧಾನವಾಗಿ ನೇರಕ್ಕೆ ಎಳೆಯಬೇಕು. ಹೊಟ್ಟೆ ಅದುಮಬಾರದು. ತೆಗೆದದ್ದನ್ನು ಉಗುರಿನಲ್ಲಿ ಕುಕ್ಕುವುದು ನಮ್ಮಲ್ಲಿ ಎಲ್ಲರಿಗೂ ಇರುವ ಚಾಳಿ. ಅದರ ರಸ ಬೆರಳಿನ ಸೀಳಿಗೆ ತಾಗಿದರೂ ಅಪಾಯವೇ. ಬೆಂಕಿಗೆ ಹಾಕಿ, ಇಲ್ಲವೇ ಅಂಟುಪಟ್ಟಿಯಲ್ಲಿ ಮಡಚಿ ಎಸೆಯಿರಿ. ಕಚ್ಚಿದ ಜಾಗವನ್ನೂ ಕೈಯನ್ನೂ ಸೋಪಿನಲ್ಲಿ ತೊಳೆದು, ಆ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ತಾರೀಕು ಯಾಕೆಂದರೆ, ಜ್ವರ ಬರುವುದಾದರೆ ಸಾಮಾನ್ಯವಾಗಿ ಮೂರರಿಂದ ಎಂಟು ದಿನದೊಳಗೆ ಬರುತ್ತದೆ. ಇದ್ದಕ್ಕಿದ್ದಂತೆ ಚಳಿಜ್ವರ, ಹಣೆ ಒಡೆಯುವಂಥ ತಲೆನೋವು, ಸೊಂಟ ಮತ್ತು ಮೀನಖಂಡದಲ್ಲಿ ನೋವು, ಕಣ್ಣು ಕೆಂಪು, ವಾಂತಿ. ಆಗ ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಎಂದು ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬಾರದು. ಈ ಕಾಯಿಲೆಯಲ್ಲಿ ಪ್ಲೇಟ್‌ಲೆಟ್ ಇಳಿದು ರಕ್ತಸ್ರಾವವಾಗುವ ಸಂಭವ ಇರುತ್ತದೆ, ಆ ಮಾತ್ರೆಗಳು ಅದನ್ನು ಹೆಚ್ಚಿಸುತ್ತವೆ. ಪ್ಯಾರಸಿಟಮಾಲ್ ಒಂದೇ ಸಾಕು. ಅವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕೇಳುವ ಮೊದಲೇ 'ಬೆಟ್ಟಕ್ಕೆ ಹೋಗಿದ್ದೆ, ಇಂಥ ದಿನ ಉಣುಗು ಕಚ್ಚಿತ್ತು' ಎಂದು ಹೇಳಬೇಕು. ಈ ಒಂದು ಮಾತಿನಿಂದ ರಕ್ತದ ಮಾದರಿ ಬೇಗ ಪರೀಕ್ಷೆಗೆ ಹೋಗುತ್ತದೆ. ಇದಕ್ಕೆಂದೇ ಔಷಧಿ ಇಲ್ಲ, ಹೊತ್ತಿಗೆ ಸರಿಯಾಗಿ ಸಿಗುವ ಆರೈಕೆಯೇ ಚಿಕಿತ್ಸೆ. ಕಾಯಿಲೆ ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಜನ ಸಾಯುತ್ತಾರೆ. ಜ್ವರ ಬಿಟ್ಟಿತೆಂದು ತಕ್ಷಣ ತೋಟಕ್ಕೆ ಇಳಿಯುವುದೂ ಬೇಡ. ನೂರಕ್ಕೆ ಹತ್ತಿಪ್ಪತ್ತು ಜನಕ್ಕೆ ಮೂರನೇ ವಾರದಲ್ಲಿ ಜ್ವರ ಮರುಕಳಿಸಿ ತಲೆನೋವು, ನಡುಕ, ಕಣ್ಣು ಮಂಜಾಗುವುದು ಶುರುವಾಗುತ್ತದೆ.

ಅಣ್ಣ ಇಲ್ಲಿನ ಲಸಿಕೆ ತರಲಾಗುತ್ತದೆಯೇ ಎಂದು ಕೇಳಿದ್ದ. ಇಲ್ಲಿ ಬ್ಲ್ಯಾಕ್ ಫಾರೆಸ್ಟ್ ಸುತ್ತಮುತ್ತ ಉಣುಗಿನಿಂದಲೇ ಮಿದುಳುಜ್ವರ ಬರುತ್ತದೆ. ಅದರ ವೈರಸ್ಸು ನಮ್ಮ ಮಂಗನ ಕಾಯಿಲೆಯ ವೈರಸ್ಸಿನ ದಾಯಾದಿ. ಜನ ಮೂರು ಡೋಸ್ ಲಸಿಕೆ ಹಾಕಿಸಿಕೊಳ್ಳುತ್ತಾರೆ, ಆದರೂ ಕಾಡಿನಿಂದ ಬಂದ ಮಕ್ಕಳ ಮೈ ತಡವಿ ನೋಡುವುದನ್ನು ಬಿಡುವುದಿಲ್ಲ. ಆ ಲಸಿಕೆ ಮಂಗನ ಕಾಯಿಲೆಗೆ ಅಲ್ಲ, ತಂದು ಪ್ರಯೋಜನವಿಲ್ಲ. ನಮ್ಮಲ್ಲಿ ಮೊದಲು ಕೊಡುತ್ತಿದ್ದ ಲಸಿಕೆಯನ್ನು ಸಾಕಷ್ಟು ರಕ್ಷಣೆ ಸಿಗುತ್ತಿಲ್ಲವೆಂದು ನಿಲ್ಲಿಸಿದ್ದಾರೆ. ಹಾಗಾಗಿ ಸದ್ಯಕ್ಕೆ ಬಚ್ಚಲು, ಚಿಮಟ, ಕ್ಯಾಲೆಂಡರೇ ಗತಿ.

ಸತ್ತ ಮಂಗ ಅಥವಾ ಮುಸ್ಯ (ಕರಿಮೋರೆಯ ಕೋತಿ) ಕಂಡರೆ ಹತ್ತಿರ ಹೋಗಬೇಡಿ, ಹೂಳಲೂ ಹೋಗಬೇಡಿ. ದೇಹ ತಣ್ಣಗಾಗುತ್ತಲೇ ಉಣುಗುಗಳು ಇಳಿದು ಸುತ್ತ ಹರಡುತ್ತವೆ. ಆಶಾ ಅವರಿಗೋ ಪಂಚಾಯಿತಿಗೋ ಫೋನ್ ಮಾಡಿದರೆ ಬಂದು ಸುತ್ತ ಐವತ್ತು ಅಡಿ ಮದ್ದಿನ ಪುಡಿ ಹಾಕುತ್ತಾರೆ. ದನಕ್ಕೆ ಈ ಕಾಯಿಲೆ ಬರುವುದಿಲ್ಲ, ಆದರೆ ಬಲಿತ ಉಣುಗು ಹೊಟ್ಟೆ ತುಂಬಿಸಿಕೊಳ್ಳುವುದು ದನದ ಮೈಮೇಲೆ. ಪಶುವೈದ್ಯರನ್ನು ಕೇಳಿ ಉಣುಗಿನ ಔಷಧಿ ಹಾಕಿಸಿ. ಕೊಟ್ಟಿಗೆಗೆ ಈ ವರ್ಷ ಕಾಡಿನ ದರಕಿನ ಬದಲು ಅಡಿಕೆ ಸಿಪ್ಪೆ, ಭತ್ತದ ಹುಲ್ಲು ಹಾಸಲು ಆಗುತ್ತದೆಯೇ ನೋಡಿ. ಗೊಬ್ಬರ ಕಡಿಮೆಯಾಗುತ್ತದೆಂದು ಅಪ್ಪಯ್ಯ ಗೊಣಗುತ್ತಾರೆ, ಗೊತ್ತು.

ಇನ್ನು ನೀರು. ಅಬ್ಬಿ ನೀರು ತಿಳಿಯಾಗಿದೆ, ತಣ್ಣಗಿದೆ, ಗುಡ್ಡದಿಂದ ಪೈಪಿನಲ್ಲಿ ತಾನಾಗಿಯೇ ಬರುತ್ತದೆ, ಎಲ್ಲ ನಿಜ. ಆದರೆ ಪೈಪಿನ ಬಾಯಿಗಿಂತ ಮೇಲೆ ದನ ಮೇಯುತ್ತದೆ, ಕಾಡುಹಂದಿ ಹೊರಳುತ್ತದೆ. ಕುಡಿಯುವ ನೀರು ಗುಳ್ಳೆ ಏಳಲು ಶುರುವಾದಾಗಲೇ ಇಳಿಸುವುದಲ್ಲ, ಕೊತಕೊತ ಕುದಿಯಲು ಹತ್ತಿದ ಮೇಲೆ ಒಂದು ನಿಮಿಷ ಬಿಡಬೇಕು. ಅದಕ್ಕಿಂತ ಹೆಚ್ಚು ಕುದಿಸುವುದು ಸೌದೆ ದಂಡ. ಕೆಡುವುದು ಇದಾದ ಮೇಲೆ: ಬೇಗ ಆರಲೆಂದು ತಣ್ಣೀರು ಬೆರೆಸುವುದು, ಬೇರೆ ಕೊಡಕ್ಕೆ ಸುರಿಯುವುದು, ಲೋಟ ಅದ್ದಿ ತೆಗೆಯುವುದು. ಬೆರಳೂ ಅದರೊಂದಿಗೆ ಅದ್ದಿರುತ್ತದೆ. ಕುದಿಸಿದ ಪಾತ್ರೆಯಲ್ಲೇ ಮುಚ್ಚಿಟ್ಟು, ಉದ್ದ ಹಿಡಿಯ ಸೌಟಿನಿಂದ ತೆಗೆಯಿರಿ.

ಬಾವಿಗೆ ಬ್ಲೀಚಿಂಗ್ ಪೌಡರನ್ನು ಅಂದಾಜಿನಲ್ಲಿ ಎರಚುವುದರಿಂದ ವಾಸನೆ ಬರುತ್ತದೆ, ಶುದ್ಧಿಯಾಗುವುದಿಲ್ಲ. ಲೆಕ್ಕ ಸುಲಭ. ಬಾವಿಯ ಅಡ್ಡಗಲವನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, ನಾಲ್ಕರಿಂದ ಭಾಗಿಸಿ. ಮೀಟರಿನಲ್ಲಿ ಅಳೆದಿದ್ದರೆ ಬಂದದ್ದು ಎಷ್ಟು ಸಾವಿರ ಲೀಟರ್ ಎಂದು. ಎರಡು ಮೀಟರ್ ಅಗಲ, ಮೂರು ಮೀಟರ್ ನೀರು ಇದ್ದರೆ ಸುಮಾರು 9,400 ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಪುಡಿಯಂತೆ 24 ಗ್ರಾಂ ಸಾಕು. ಅದನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮೊದಲು ಸ್ವಲ್ಪ ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಆಮೇಲೆ ಮುಕ್ಕಾಲು ಬಕೆಟ್ ನೀರು ಹಾಕಿ ಹತ್ತು ನಿಮಿಷ ಬಿಟ್ಟರೆ ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಹಗ್ಗ ಕಟ್ಟಿ ಬಾವಿಗೆ ಇಳಿಸಿ, ನೀರಿನೊಳಗೆ ಮೇಲೆ ಕೆಳಗೆ ಎಳೆದಾಡಿ. ಕೆಳಗೆ ಉಳಿದ ಸುಣ್ಣವನ್ನು ಬಾವಿಗೆ ಹಾಕಬೇಡಿ, ನೀರು ಗಡಸಾಗುತ್ತದೆ. ಕನಿಷ್ಠ ಒಂದು ಗಂಟೆ ನೀರು ಸೇದಬಾರದು. ರಾತ್ರಿ ಊಟವಾದ ಮೇಲೆ ಮಾಡಿದರೆ ಬೆಳಗ್ಗೆಗೆ ಸರಿಹೋಗುತ್ತದೆ. ಪುಡಿಯ ಪೊಟ್ಟಣ ಬಿಚ್ಚಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ, ನಮ್ಮ ಮಳೆಗಾಲದಲ್ಲಂತೂ ಇನ್ನೂ ಬೇಗ. ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಸಣ್ಣ ಪೊಟ್ಟಣ ಮಾತ್ರ ತನ್ನಿ.

ವಾಂತಿಭೇದಿಯಾದರೆ ಓಆರ್‌ಎಸ್ ಪೊಟ್ಟಣ ಮನೆಯಲ್ಲಿರಲಿ, ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಇಡೀ ಪೊಟ್ಟಣ ಒಂದೇ ಸಲ. ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಚಹಾ ಚಮಚದಲ್ಲಿ ಗೀಟಿ (ಚಮಚದ ಅಂಚಿಗೆ ಸಮ ಮಾಡಿ) ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಮಗುವಿಗೆ ತೊಂದರೆ, ಕೈಯಂದಾಜು ಬೇಡ.

ಸೊಳ್ಳೆಗೆ ತೋಟದಲ್ಲಿ ಬಿದ್ದ ಅಡಿಕೆ ಹಾಳೆಯೇ ತೊಟ್ಟಿಲು. ಮಳೆಗಾಲದಲ್ಲಿ ಒಂದೊಂದು ಹಾಳೆಯಲ್ಲೂ ಒಂದು ಲೋಟ ನೀರು ನಿಂತಿರುತ್ತದೆ, ಡೆಂಗಿ ಹರಡುವ ಪಟ್ಟೆಸೊಳ್ಳೆಗೆ ಅಷ್ಟೇ ಸಾಕು. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ ಬೇಕು, ಆದ್ದರಿಂದ ವಾರಕ್ಕೊಂದು ದಿನ ಗೊತ್ತು ಮಾಡಿ ಹಾಳೆಗಳನ್ನು ಕವುಚಿಹಾಕಿಸಿ ಅಥವಾ ಹೊತ್ತು ತಂದು ಒಣಗಿಸಿ. ತೊಟ್ಟಿ, ಡ್ರಮ್ಮಿನ ನೀರು ಚೆಲ್ಲಿದರೆ ಸಾಲದು, ಒಳಗೋಡೆ ತೆಂಗಿನ ನಾರಿನಿಂದ ತಿಕ್ಕಬೇಕು. ಅಂಟಿಕೊಂಡ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ಇಲಿಜ್ವರವೂ ಮಳೆಗಾಲದ್ದೇ. ಗದ್ದೆ, ತೋಟದ ಕೆಸರಿಗೆ ಇಳಿಯುವಾಗ ಗಮ್‌ಬೂಟು, ಕಾಲಿನ ಗಾಯಕ್ಕೆ ನೀರು ಹೋಗದ ಪ್ಲಾಸ್ಟರ್. ಅದರ ಬಗ್ಗೆ ಜೂನಿಗೆ ಮೊದಲು ಬರೆಯುತ್ತೇನೆ.

ಅಪ್ಪಯ್ಯನ ಬಿಪಿಗೆ ಮಾತ್ರೆಯಷ್ಟೇ ದೊಡ್ಡ ಸಂಗತಿ ಉಪ್ಪು. ಒಬ್ಬರಿಗೆ ದಿನಕ್ಕೆ ಐದು ಗ್ರಾಂ ಮೀರಬಾರದು, ಅಂದರೆ ಗೀಟಿದ ಒಂದು ಚಹಾ ಚಮಚ. ಐದು ಜನರ ಮನೆಗೆ ತಿಂಗಳಿಗೆ 750 ಗ್ರಾಂ. ಪೊಟ್ಟಣ ಒಡೆದ ದಿನ ಅದರ ಮೇಲೆ ತಾರೀಕು ಬರೆದಿಡಿ. ಒಂದು ಕೇಜಿ ಹದಿನೈದು ದಿನಕ್ಕೇ ಖಾಲಿಯಾದರೆ ಲೆಕ್ಕ ಕಣ್ಣೆದುರೇ ಇರುತ್ತದೆ. ಮಿಡಿ ಉಪ್ಪಿನಕಾಯಿ, ಹಪ್ಪಳ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆಯ ಉಪ್ಪು ಆ ಪೊಟ್ಟಣದಿಂದ ಬರುವುದಿಲ್ಲ, ಅದು ಬೇರೆ. ಮಿಡಿ ಬಿಡಿ ಎಂದು ಹೇಳುವಷ್ಟು ಕಟುಕಿ ನಾನಲ್ಲ. ಮಿಡಿ ಇದ್ದ ಹೊತ್ತು ಹಪ್ಪಳ ಬೇಡ, ಮಜ್ಜಿಗೆಗೆ ಉಪ್ಪು ಬೇಡ, ಅಷ್ಟೇ. ಅಡುಗೆಗೆ ಅಯೋಡಿನ್ ಉಪ್ಪೇ ಇರಲಿ. ನಮ್ಮಂಥ ಮಳೆಬೆಟ್ಟದ ಮಣ್ಣಿನಲ್ಲಿ ಅಯೋಡಿನ್ ತೊಳೆದುಹೋಗಿರುತ್ತದೆ.

ಬಿಪಿ ನೋಡುವಾಗ ಕಾಫಿ ಕುಡಿದು ಅರ್ಧ ಗಂಟೆಯಾಗಿರಬೇಕು, ಮೂತ್ರಕ್ಕೆ ಹೋಗಿ ಬಂದಿರಬೇಕು. ಬೆನ್ನು ಒರಗಿಸಿ, ಪಾದ ನೆಲಕ್ಕೆ ಊರಿ, ಮಾತಾಡದೆ ಐದು ನಿಮಿಷ ಕೂತ ಮೇಲೆ, ಅಂಗಿಯ ಮೇಲಲ್ಲ, ಬರಿ ತೋಳಿಗೆ ಪಟ್ಟಿ ಸುತ್ತಿ. ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಲಿ. ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡಿ, ಎರಡನ್ನೂ ಬರೆಯಿರಿ. ಮನೆಯಲ್ಲಿ ನೋಡಿದ ಸರಾಸರಿ 135/85 ಅಥವಾ ಮೇಲೆ ನಿಂತರೆ ಡಾಕ್ಟರಿಗೆ ತೋರಿಸಿ. ಸರಿಯಾಗಿ ಬಂತೆಂದು ಮಾತ್ರೆ ನಿಲ್ಲಿಸಿದರೆ ಮತ್ತೆ ಏರುತ್ತದೆ, ಸರಿಯಾಗಿ ಬಂದದ್ದೇ ಮಾತ್ರೆಯಿಂದ.

ಕೊನೆಗೊಂದು ಕಷ್ಟದ ಮಾತು, ಕವಳದ್ದು, ಅಂದರೆ ಎಲೆಅಡಿಕೆ ಜಗಿಯುವುದರದ್ದು. ಅಡಿಕೆಯಿಂದಲೇ ಬದುಕಿದ ಮನೆಗೆ ಹೀಗೆ ಬರೆಯಲು ಮುಜುಗರವಾಗುತ್ತದೆ. ಆದರೆ ತಂಬಾಕು ಹಾಕದಿದ್ದರೂ ಅಡಿಕೆ ಜಗಿಯುವುದು ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಅಪ್ಪಯ್ಯ ಪೂರ್ತಿ ಬಿಡುವವರಲ್ಲ. ರಾತ್ರಿ ಕವಳ ಬಾಯಲ್ಲಿಟ್ಟುಕೊಂಡು ಮಲಗುವುದನ್ನು ಮೊದಲು ಬಿಡಿಸಿ, ತಂಬಾಕಿನ ಎಸಳನ್ನು ತೆಗೆಸಿ. ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ಕೆನ್ನೆಯ ಒಳಭಾಗ, ನಾಲಿಗೆಯ ಅಡಿ ನೋಡಬೇಕು: ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರಕ್ಕೂ ಮಾಯದ ಹುಣ್ಣು, ಸಾರಿನ ಖಾರಕ್ಕೂ ಉರಿ. ಅವರದೇ ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟರೆ ಹಲ್ಲುಗಳ ನಡುವೆ ಹೋಗುವಷ್ಟು ಬಾಯಿ ತೆರೆಯದಿದ್ದರೆ ಸಾಗರಕ್ಕೋ ಶಿವಮೊಗ್ಗಕ್ಕೋ ದಂತವೈದ್ಯರಲ್ಲಿಗೆ ತಡಮಾಡದೆ ಕರೆದುಕೊಂಡು ಹೋಗಿ. ನೀವು ಹೇಳಿದರೆ ಅವರಿಗೆ ಸಂಕೋಚ, ಅಣ್ಣ ಹೇಳಿದರೆ ಜಗಳ. ಭಾನುವಾರ ವಿಡಿಯೋ ಕಾಲ್ ಹಚ್ಚಿ, ನಾನೇ ಹೇಳುತ್ತೇನೆ. ಅಷ್ಟರೊಳಗೆ ಬಿಪಿ ಬರೆದ ಹಾಳೆಯ ಫೋಟೋ ಕಳಿಸಿ.

ಅಮ್ಮನಿಗೂ ಅಪ್ಪಯ್ಯನಿಗೂ ನಮಸ್ಕಾರ, ಮಕ್ಕಳಿಗೆ ಮುದ್ದು.

ನಿಮ್ಮ ನಾದಿನಿ