ಸೈಕಾಡ್ ಗಿಡದ ನೀಲಿ ಚಿಟ್ಟೆ: ಫೋಟೋ ಹಾಕುವ ಮುನ್ನ

ನಮಸ್ಕಾರ. ಸೈಕಾಡ್ (ಈಚಲಿನಂಥ ಗರಿಗಳಿರುವ ಅಲಂಕಾರದ ಗಿಡ) ಹತ್ತಿರ ಕಂಡು, ‘ಇದು ಯಾವ ಚಿಟ್ಟೆ?’ ಅಂತ ಎರಡು ದಿನದಿಂದ ಎಲ್ಲರೂ ಕೇಳುತ್ತಿರುವ ಪುಟ್ಟ ನೀಲಿ ಚಿಟ್ಟೆ ಪ್ಲೇನ್ಸ್ ಕ್ಯೂಪಿಡ್. ವೈಜ್ಞಾನಿಕ ಹೆಸರಲ್ಲಿ ‘ಪಾಂಡವ’ ಇದೆ, ಚೆನ್ನಾಗಿದೆ ಅಲ್ವಾ?

ಗುರುತಿಸಲು ರೆಕ್ಕೆ ಬಿಚ್ಚಿದ ಫೋಟೋ ಒಂದೇ ಸಾಲದು. ಮೇಲಿಂದ ಎಷ್ಟೋ ನೀಲಿ ಚಿಟ್ಟೆಗಳು ಒಂದೇ ಥರ ಕಾಣುತ್ತವೆ. ರೆಕ್ಕೆ ಮಡಚಿ ಕೂತಾಗಲೂ ತೆಗೆಯಿರಿ. ಹಿಂದಿನ ರೆಕ್ಕೆಯಲ್ಲಿ ಕೂದಲೆಳೆಯಂಥ ಬಾಲ, ಪಕ್ಕದಲ್ಲೇ ಕಿತ್ತಳೆ ಅಂಚಿನ ಕಪ್ಪು ಚುಕ್ಕೆ ಕಾಣಬೇಕು. ಕೂತಲ್ಲೇ ರೆಕ್ಕೆ ಉಜ್ಜಿದಾಗ ಬಾಲ ಮೀಸೆಯ ಹಾಗೆ ಅಲ್ಲಾಡುತ್ತದೆ. ಅದನ್ನೇ ತಲೆ ಅಂದುಕೊಂಡು ಹಕ್ಕಿ ಕುಕ್ಕಿದರೆ ರೆಕ್ಕೆಯ ಚೂರು ಹೋಗುತ್ತದೆ, ಜೀವ ಉಳಿಯುತ್ತದೆ.

ಹಾಂ, ಸೈಕಾಡ್ ಚಿಗುರಿನಲ್ಲಿ ಈ ಚಿಟ್ಟೆಯ ಹುಳು ಕಂಡರೆ ಮೈಮೇಲಿನ ಇರುವೆಗಳನ್ನು ಸುಮ್ನೆ ಓಡಿಸಬೇಡಿ. ಅವು ಹುಳುವನ್ನು ತಿನ್ನುತ್ತಿಲ್ಲ. ಅದು ಜಿನುಗಿಸುವ ಸಿಹಿರಸ ಕುಡಿಯುತ್ತಾ ಕಾವಲು ಕಾಯುತ್ತಿವೆ.