ಹಾನಾ ವೊಲಾವ್ಕೋವಾ ಕಾಪಾಡಿದ ಹೆಸರುಗಳು

ತೀರ್ಥರೂಪರಾದ ಅಪ್ಪನವರಿಗೆ, ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾನು ಪ್ರಾಗ್‌ನಲ್ಲಿ ಕ್ಷೇಮವಾಗಿದ್ದೇನೆ. ಅಮ್ಮನ ಮತ್ತು ನಿಮ್ಮ ಆರೋಗ್ಯದ ವಿಚಾರ ಬರೆಯಿರಿ.

ಇಲ್ಲಿನ ಯಹೂದಿ ವಸ್ತುಸಂಗ್ರಹಾಲಯವನ್ನು ನೋಡಿಬಂದ ಮೇಲೆ ಹಾನಾ ವೊಲಾವ್ಕೋವಾ ಎಂಬ ಕಲಾ ಇತಿಹಾಸಜ್ಞೆಯ ಬಗ್ಗೆ ನಿಮಗೆ ಬರೆಯಲೇಬೇಕೆನಿಸಿತು. 1942ರಿಂದ ನಾಜಿಗಳ ಉಸ್ತುವಾರಿಯಲ್ಲಿ, ಚೆಕ್ ನಾಡಿನ ಬೊಹೀಮಿಯಾ ಮತ್ತು ಮೊರಾವಿಯಾ ಪ್ರಾಂತಗಳ ಊರೂರುಗಳಲ್ಲಿ ಬರಿದಾದ ಯಹೂದಿ ಪ್ರಾರ್ಥನಾ ಮಂದಿರಗಳ ಸಾಮಗ್ರಿಯನ್ನೆಲ್ಲ ಈ ನಗರಕ್ಕೆ ತಂದು ಸುರಿದಾಗ, ಅದನ್ನು ವಿಂಗಡಿಸಿ ಒಂದೊಂದಕ್ಕೂ ಕಾರ್ಡು ಬರೆಯುವ ಕೆಲಸ ಯಹೂದಿ ತಜ್ಞರ ಪಾಲಿಗೆ ಬಂತು. ತಮ್ಮವರನ್ನೇ ನಾಜಿ ಶಿಬಿರಗಳಿಗೆ ರೈಲುಗಳಲ್ಲಿ ಸಾಗಿಸುತ್ತಿದ್ದ ದಿನಗಳಲ್ಲೂ ಅವರು ಯಾವ ವಸ್ತು ಯಾವ ಊರಿನದೆಂದು ಶ್ರದ್ಧೆಯಿಂದ ದಾಖಲಿಸಿದರು. ಯಹೂದಿಗಳ ಧರ್ಮಗ್ರಂಥವಾದ ತೋರಾದ ಸುರುಳಿಗಳ ಮುಂದೆ ಇಳಿಬಿಡುವ ಹಳೆಯ ಜರಿ ತೆರೆಗಳ ಮೇಲೆ, ಅವನ್ನು ಮಾಡಿಸಿಕೊಟ್ಟ ದಂಪತಿಗಳ ಹೆಸರನ್ನು ಹೀಬ್ರೂ ಅಕ್ಷರಗಳಲ್ಲಿ ಕಸೂತಿ ಹಾಕಿರುವುದನ್ನು ನಾನು ಬಹಳ ಹೊತ್ತು ನೋಡುತ್ತ ನಿಂತೆ.

ಆ ತಜ್ಞರಲ್ಲಿ ಹೆಚ್ಚಿನವರು ಬದುಕಿ ಉಳಿಯಲಿಲ್ಲ. ತೋಬಿಯಾಸ್ ಯಾಕೊಬೊವಿಟ್ಸ್ ಅವರನ್ನು 1944ರಲ್ಲಿ ಔಷ್ವಿಟ್ಸ್ ಎಂಬ ನಾಜಿ ಸಾವಿನ ಶಿಬಿರಕ್ಕೆ ಒಯ್ದು ಕೊಂದರು. ಆ ತಜ್ಞರಲ್ಲೊಬ್ಬರಾಗಿದ್ದು, ಟೆರೆಜಿನ್ ಎಂಬ ನಾಜಿ ಸೆರೆಶಿಬಿರದಿಂದ ಜೀವಂತ ಮರಳಿದ ಹಾನಾ, ಯುದ್ಧಾನಂತರ ಸಂಗ್ರಹಾಲಯದ ನಿರ್ದೇಶಕಿಯಾದರು. 1950ರಲ್ಲಿ ಸಂಸ್ಥೆ ಸರ್ಕಾರದ ವಶವಾಯಿತು. ಹಾಗಿದ್ದರೂ ಅವರು ಇಲ್ಲಿನ ಪಿಂಕಾಸ್ ಎಂಬ ಹಳೆಯ ಯಹೂದಿ ಪ್ರಾರ್ಥನಾ ಮಂದಿರವನ್ನು ಸ್ಮಾರಕವಾಗಿಸುವ ಕೆಲಸ ಕೈಬಿಡಲಿಲ್ಲ. ವಾತ್ಸ್ಲಾವ್ ಬೊಷ್ಟೀಕ್ ಮತ್ತು ಯಿರ್ಷಿ ಯೋನ್ ಎಂಬ ಚಿತ್ರಕಾರರು ನಾಜಿಗಳಿಂದ ಹತ್ಯೆಯಾದ ಈ ನಾಡಿನ ಸುಮಾರು 80,000 ಯಹೂದಿಗಳ ಹೆಸರುಗಳನ್ನು ಗೋಡೆಗಳ ಮೇಲೆ ಕೈಯಿಂದಲೇ ಬರೆದರು. ಮನೆತನದ ಹೆಸರು ಕೆಂಪಿನಲ್ಲಿದೆ, ಸಾಲುಗಳ ನಡುವೆ ಬೆರಳಿಡುವಷ್ಟೂ ಜಾಗವಿಲ್ಲ. ನೆಲದಡಿಯ ನೀರಿನ ತೇವದಿಂದಾಗಿ 1968ರಲ್ಲಿ ಮಂದಿರವನ್ನು ಮುಚ್ಚಿದರು, ಮುಂದೆ ಆ ಬರಹವೂ ಅಳಿಯಿತು. ಇಷ್ಟು ಕಷ್ಟಪಟ್ಟು ಬರೆದದ್ದು ಹೀಗಾಯಿತಲ್ಲ ಎಂದು ನನಗೆ ಸಂಕಟವಾಯಿತು. 1992ರಿಂದ 1996ರವರೆಗೆ ಎಲ್ಲ ಹೆಸರುಗಳನ್ನೂ ಮತ್ತೆ ಬರೆದಿದ್ದಾರೆ.

ಅಮ್ಮ ಶಾಲೆಯಲ್ಲಿ ಚಿತ್ರಕಲೆ ಕಲಿಸಿದವರಾದ್ದರಿಂದ ಈ ಸಂಗತಿಯನ್ನು ಅವರಿಗೆ ಓದಿ ಹೇಳಿ. ಟೆರೆಜಿನ್‌ನ ಸೆರೆಯಲ್ಲಿ ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಎಂಬ ಕಲಾವಿದೆ ಮಕ್ಕಳಿಗೆ ಚಿತ್ರ ಬಿಡಿಸಲು ಕಲಿಸುತ್ತಿದ್ದರು. 1944ರಲ್ಲಿ ಅವರನ್ನು ಔಷ್ವಿಟ್ಸ್‌ಗೆ ಸಾಗಿಸಿದಾಗ ಸೂಟ್‌ಕೇಸುಗಳಲ್ಲಿ ಉಳಿದ ಸುಮಾರು 4,500 ಚಿತ್ರಗಳು ಈಗ ಈ ಸಂಗ್ರಹಾಲಯದಲ್ಲಿವೆ. ಹಲವು ಹಾಳೆಗಳ ಮೇಲೆ ಮಗುವಿನ ಹೆಸರಿದೆ. 1959ರಲ್ಲಿ ಅವುಗಳಲ್ಲಿ ಕೆಲವನ್ನು ಪುಸ್ತಕವಾಗಿ ಹೊರತಂದು ಲೋಕಕ್ಕೆ ಕಾಣಿಸಿದವರು ಹಾನಾ ಅವರೇ. ಚಿತ್ರಗಳ ಕೆಲವು ಮುದ್ರಿತ ಪ್ರತಿಗಳನ್ನು ಅಮ್ಮನಿಗಾಗಿ ಬೇರೆ ಲಕೋಟೆಯಲ್ಲಿ ಕಳುಹಿಸುತ್ತಿದ್ದೇನೆ. ತಲುಪಿದ ಕೂಡಲೇ ತಿಳಿಸಿ.

ಇಂತಿ ನಿಮ್ಮ ಪ್ರೀತಿಯ ಮಗಳು